ಹಾಜರಿ ಕರೆಯುವುದರಲ್ಲೇ ಹೊತ್ತು ಕಳೆದ ಡಿಬಗರ್

ಕಂಪ್ಯೂಟರ್ ಓದುತ್ತಿರುವ ಮಗಳು ರಾತ್ರಿ ಹನ್ನೊಂದಾದರೂ ತೆರೆಯ ಮುಂದಿನಿಂದ ಏಳದಿದ್ದರೆ, ಏನೋ ದೊಡ್ಡ ಪ್ರೋಗ್ರಾಂ ಬರೆಯುತ್ತಿದ್ದಾಳೆ ಎಂದು ಮನೆಯವರು ತಿಳಿಯುತ್ತಾರೆ. ಬರೆಯುವ ಕೆಲಸ ಬಹುಶಃ ಸಂಜೆಗೇ ಮುಗಿದಿರುತ್ತದೆ. ಆಮೇಲಿನದೆಲ್ಲ ಹುಡುಕಾಟ. ಬರೆದ ಪ್ರೋಗ್ರಾಂ ಎಲ್ಲೋ ಮುಗ್ಗರಿಸುತ್ತಿದೆ. ಎಲ್ಲಿ, ಏಕೆ ಎಂಬುದು ತಿಳಿಯುತ್ತಿಲ್ಲ.

ಈ ಬಗೆಯ ದೋಷಕ್ಕೆ ಗಣಕ ಜಗತ್ತಿನಲ್ಲಿ 'ಬಗ್', ಅಂದರೆ ಹುಳ ಎಂದು ಹೆಸರು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್-2 ಯಂತ್ರದ ರಿಲೇಯೊಳಗೆ ಪತಂಗವೊಂದು ಸಿಕ್ಕಿಕೊಂಡದ್ದು, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದು ಅನೇಕರು ಕೇಳಿರುವ ಕಥೆ. ಘಟನೆ ನಿಜ. ಹೆಸರು ಹುಟ್ಟಿದ್ದು ಮಾತ್ರ ಅಲ್ಲಿಂದಲ್ಲ. ಥಾಮಸ್ ಆಲ್ವಾ ಎಡಿಸನ್ 1878ರಲ್ಲೇ ಪತ್ರವೊಂದರಲ್ಲಿ ತನ್ನ ಯಂತ್ರಗಳ ತೊಡಕುಗಳಿಗೆ ಇದೇ ಪದ ಬಳಸಿದ್ದ.

ಹುಳ ಹಿಡಿಯುವ ಸಾಧನ ಡಿಬಗರ್. ಅದೂ ಒಂದು ಪ್ರೋಗ್ರಾಂ. ಇನ್ನೊಂದು ಪ್ರೋಗ್ರಾಮನ್ನು ಓಡಿಸುತ್ತ, ಬೇಕೆಂದಲ್ಲಿ ನಿಲ್ಲಿಸಿ ಅದರ ಒಳಗನ್ನು ತೋರಿಸುವುದು ಅದರ ಕೆಲಸ. ಲಿನಕ್ಸ್ ಬಳಸುವ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದು ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಈ ಡಿಬಗರ್ ಇಂದಿಗೂ ಬೆಳೆಯುತ್ತಿದೆ. ಅದನ್ನು ಬಳಸಲು ಕಾಸು ಕೊಡಬೇಕಿಲ್ಲ, ಒಳಗಿನ ಬರಹವನ್ನೂ ಯಾರು ಬೇಕಾದರೂ ಓದಿ ತಿದ್ದಬಹುದು.

ಓಡುವ ಪ್ರೋಗ್ರಾಮನ್ನು ನಿಲ್ಲಿಸುವ ಉಪಾಯ ಸರಳ. ಇಂಟೆಲ್ ಮಾದರಿಯ ಸಂಸ್ಕಾರಕದಲ್ಲಾದರೆ, ನಿಲ್ಲಬೇಕಾದ ಜಾಗದ ಆದೇಶದ ಮೊದಲ ಬೈಟನ್ನು ಡಿಬಗರ್ ಎತ್ತಿಟ್ಟುಕೊಂಡು ಅಲ್ಲಿ 204 ಎಂಬ ಸಂಖ್ಯೆ ಇಡುತ್ತದೆ. ಸಂಸ್ಕಾರಕಕ್ಕೆ ಅದು 'ನಿಲ್ಲು' ಎಂಬ ಆಜ್ಞೆ. ಇದೇ ಬ್ರೇಕ್‌ಪಾಯಿಂಟ್. ನಿಂತಾಗ ವಿದ್ಯಾರ್ಥಿ ಬೇಕಾದ್ದನ್ನು ನೋಡಿಕೊಳ್ಳುತ್ತಾನೆ, ಡಿಬಗರ್ ಹಳೆಯ ಬೈಟಿನ ಕೆಲಸ ಮಾಡಿಸಿ ಮುಂದೆ ಓಡಿಸುತ್ತದೆ.

ಆದರೆ ವಿದ್ಯಾರ್ಥಿ ಹೇಳುವುದು ಹೆಸರನ್ನು: 'ಲೆಕ್ಕಹಾಕು ಎಂಬ ಕಾರ್ಯದಲ್ಲಿ ನಿಲ್ಲಿಸು' ಎಂದು. ಡಿಬಗರಿಗೆ ಬೇಕಾದದ್ದು ಸ್ಮೃತಿಯ ವಿಳಾಸ. ಹೆಸರಿಗೂ ವಿಳಾಸಕ್ಕೂ ಗಂಟು ಹಾಕುವ ಮಾಹಿತಿ ಪ್ರೋಗ್ರಾಂ ಜತೆಗೇ ಇರುತ್ತದೆ. ದೊಡ್ಡ ಪ್ರೋಗ್ರಾಂಗಳಲ್ಲಿ ಅದು ನೂರಾರು ಮೆಗಾಬೈಟ್. ಡಿಬಗರ್ ಶುರುವಾಗಲು ತಡವಾಗುವುದಕ್ಕೆ ಮೊದಲ ಕಾರಣ ಈ ಓದು. ಜಿಡಿಬಿ ಬಹಳ ಹಿಂದಿನಿಂದಲೂ ಇದನ್ನು ಎರಡು ಹಂತ ಮಾಡಿಕೊಂಡಿದೆ: ಶುರುವಿನಲ್ಲಿ ಹೆಸರುಗಳ ಮೇಲೆ ಕಣ್ಣಾಡಿಸುವುದು, ವಿವರವನ್ನು ಬೇಕಾದಾಗ ಓದುವುದು. 2010ರ ಹೊತ್ತಿಗೆ ಪುಸ್ತಕದ ಕೊನೆಯ ಅಕಾರಾದಿಯಂಥ ಸೂಚಿಯನ್ನು ಕಡತದೊಳಗೇ ಸೇರಿಸಿಡುವ ಸೌಲಭ್ಯ ಬಂತು. 2024ರಲ್ಲಿ ಹೊರಬಂದ 15ನೆಯ ಆವೃತ್ತಿ ಈ ಓದನ್ನು ಹಿನ್ನೆಲೆಗೆ ತಳ್ಳಿತು; ಅದು ಓದುತ್ತಿರುವಾಗಲೇ ವಿದ್ಯಾರ್ಥಿ ಆದೇಶ ಕೊಡಲು ಶುರು ಮಾಡಬಹುದು.

ಇವೆಲ್ಲ ನಿರೀಕ್ಷಿಸಬಹುದಾದ ಸುಧಾರಣೆಗಳೇ. ಹೆಚ್ಚು ಸ್ವಾರಸ್ಯವಿರುವುದು ಎರಡನೆಯ ಕಾರಣದಲ್ಲಿ.

ಇಂದಿನ ಯಾವ ಪ್ರೋಗ್ರಾಮೂ ಒಂಟಿಯಲ್ಲ. ಅಕ್ಷರ ಮೂಡಿಸುವುದು, ಚಿತ್ರ ಬಿಡಿಸುವುದು, ಜಾಲದೊಡನೆ ಮಾತಾಡುವುದು ಮುಂತಾದ ಸಾಮಾನ್ಯ ಕೆಲಸಗಳನ್ನು 'ಶೇರ್ಡ್ ಲೈಬ್ರರಿ' ಎಂಬ ಪ್ರತ್ಯೇಕ ಕಡತಗಳಲ್ಲಿ ಇಟ್ಟಿರುತ್ತಾರೆ. ಪ್ರೋಗ್ರಾಂ ಓಡುವಾಗ ಅವನ್ನು ತಂದು ಜೋಡಿಸುವವನು ಲಿಂಕರ್. ಕೆಲವು ಲೈಬ್ರರಿಗಳು ಶುರುವಿನಲ್ಲೇ ಒಟ್ಟಿಗೆ ಬರುತ್ತವೆ. ಉಳಿದವು ಬೇಕಾದಾಗ ಒಂದೊಂದಾಗಿ ಬಂದು ಸೇರುತ್ತವೆ. ದೊಡ್ಡ ಕಚೇರಿ ತಂತ್ರಾಂಶಗಳಲ್ಲಿ ಇಂಥ ತಡವಾಗಿ ಬರುವ ಅತಿಥಿಗಳೇ ಬಹಳ.

ಇನ್ನೂ ಬಾರದ ಲೈಬ್ರರಿಯೊಳಗೆ ಬ್ರೇಕ್‌ಪಾಯಿಂಟ್ ಇಡುವುದು ಹೇಗೆ? ಜಿಡಿಬಿ ವಿದ್ಯಾರ್ಥಿಯನ್ನು ಕೇಳುತ್ತದೆ: ಮುಂದೆ ಯಾವುದಾದರೂ ಲೈಬ್ರರಿ ಬಂದಾಗ ಇಡಲೆಂದು ಇದನ್ನು ಬಾಕಿ ಇರಿಸಿಕೊಳ್ಳಲೇ? ಹೌದೆಂದರೆ ಕಾಯುತ್ತದೆ. ಲೈಬ್ರರಿ ಬಂದದ್ದು ತಿಳಿಯುವುದಕ್ಕೂ ಒಂದು ಏರ್ಪಾಟಿದೆ. ಅದು 1980ರ ದಶಕದ ಕೊನೆಯ ಯುನಿಕ್ಸ್ ಕಾಲದ್ದು. ಲಿಂಕರ್‌ನೊಳಗೆ ಏನೂ ಮಾಡದ ಒಂದು ಖಾಲಿ ಕಾರ್ಯವಿದೆ. ಲೈಬ್ರರಿ ಸೇರಿಸುವ ಮುನ್ನ ಒಮ್ಮೆ, ಸೇರಿಸಿದ ಮೇಲೆ ಒಮ್ಮೆ ಲಿಂಕರ್ ಅದನ್ನು ಕರೆಯುತ್ತದೆ. ಡಿಬಗರ್ ಆ ಖಾಲಿ ಕಾರ್ಯದ ಮೇಲೆ ಗುಟ್ಟಾಗಿ ತನ್ನದೊಂದು ಬ್ರೇಕ್‌ಪಾಯಿಂಟ್ ಇಟ್ಟುಕೊಂಡು ಕೂತಿರುತ್ತದೆ. ಜಾಣತನದ ಏರ್ಪಾಟು, ಸಂಶಯವಿಲ್ಲ.

ಕೊರತೆ ಇಷ್ಟೇ: 'ಏನೋ ಬದಲಾಗುತ್ತಿದೆ' ಎಂಬ ಸುದ್ದಿ ಬರುತ್ತದೆ, ಬಂದವರಾರು ಎಂಬುದು ಬರುವುದಿಲ್ಲ. ಹಾಗಾಗಿ ಡಿಬಗರ್ ಪ್ರತಿ ಸಲವೂ ಲೈಬ್ರರಿಗಳ ಪಟ್ಟಿಯನ್ನು ಮೊದಲ ಹೆಸರಿನಿಂದ ಕೊನೆಯವರೆಗೆ ಓದಬೇಕು. ಆ ಪಟ್ಟಿ ಇರುವುದು ಇನ್ನೊಂದು ಪ್ರೋಗ್ರಾಮಿನ ಸ್ಮೃತಿಯಲ್ಲಿ. ಒಂದೊಂದು ಸಾಲಿಗೂ ಆಪರೇಟಿಂಗ್ ಸಿಸ್ಟಂನ ಕೈಕಾಲು ಹಿಡಿಯಬೇಕು.

ತರಗತಿಯೊಂದನ್ನು ಊಹಿಸಿಕೊಂಡರೆ ಸಾಕು. ಹುಡುಗರು ಒಬ್ಬೊಬ್ಬರಾಗಿ ತಡವಾಗಿ ಬರುತ್ತಿದ್ದಾರೆ. ಬಾಗಿಲು ಸದ್ದಾದೊಡನೆ ಮೇಷ್ಟ್ರು ಪಾಠ ನಿಲ್ಲಿಸಿ, ಒಳಗಿರುವವರೆಲ್ಲರ ಹಾಜರಿ ಕರೆಯುತ್ತಾರೆ. ಹುಡುಗ ಒಳಗೆ ಬಂದು ಕೂತ ಮೇಲೆ ಇನ್ನೊಮ್ಮೆ, ಮೊದಲಿನಿಂದ. ಹತ್ತು ಹುಡುಗರಿದ್ದರೆ ಇದು ತಮಾಷೆ. ಸಾವಿರ ಇದ್ದರೆ?

ಹತ್ತನೆಯ ತರಗತಿಯ ಸಮಾಂತರ ಶ್ರೇಢಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದೊಂದಾಗಿ 1000 ಲೈಬ್ರರಿ ಸೇರಿದರೆ, ಸೇರುವ ಮುನ್ನಿನ ಓದುಗಳು 0 ರಿಂದ 999ರವರೆಗಿನ ಮೊತ್ತ: 4,99,500. ಸೇರಿದ ಮೇಲಿನವು 1 ರಿಂದ 1000ದವರೆಗಿನ ಮೊತ್ತ: 5,00,500. ಎರಡೂ ಕೂಡಿ ಸರಿಯಾಗಿ 10 ಲಕ್ಷ. ಅದೇ 10 ಲೈಬ್ರರಿಗಾದರೆ ಬರೀ 100. ಲೈಬ್ರರಿಗಳು ನೂರು ಪಟ್ಟಾದರೆ ಕೆಲಸ ಹತ್ತು ಸಾವಿರ ಪಟ್ಟಾಗುತ್ತದೆ. ಖಾಲಿ ಕಾರ್ಯದ ಏರ್ಪಾಟು ಹುಟ್ಟಿದಾಗ ಪ್ರೋಗ್ರಾಂಗಳು ಚಿಕ್ಕವು. ಯಾರಿಗೂ ನೋವು ತಟ್ಟಲಿಲ್ಲ. ಯಾವ ಸಾಲಿನಲ್ಲೂ ತಪ್ಪಿಲ್ಲದ ಬರಹ, ಉತ್ತರವೂ ಸರಿ, ಆದರೂ ಪ್ರೋಗ್ರಾಂ ತೆವಳುತ್ತದೆ. ಇಂಥ ಹುಳವನ್ನು ಹಿಡಿಯುವುದೇ ಕಷ್ಟ; ಮತ್ತು ಇದು ಅವಿತಿದ್ದದ್ದು ಹುಳ ಹಿಡಿಯುವ ಸಾಧನದಲ್ಲೇ!

ಇದರ ಪೆಟ್ಟು ಬೀಳುವುದು ಕಲಿಯುವವರ ಮೇಲೆ. ಡಿಬಗರ್ ಶುರುವಾಗಲು ಕಾಯಬೇಕಾದರೆ ಯಾರೂ ಅದನ್ನು ಹತ್ತು ಸಲ ಓಡಿಸುವುದಿಲ್ಲ. ಅಲ್ಲೊಂದು ಇಲ್ಲೊಂದು ಮುದ್ರಿಸುವ ಸಾಲು ಸೇರಿಸಿ, ಊಹೆ ಮಾಡಿ, ಸರಿಹೋದಂತೆ ಕಂಡರೆ ಬಿಟ್ಟುಬಿಡುತ್ತಾರೆ. ತಪ್ಪು ಏಕಾಯಿತೆಂಬುದು ಕೊನೆಗೂ ತಿಳಿಯುವುದಿಲ್ಲ.

ಪರಿಹಾರ 2013ರಲ್ಲಿ ಜಿಡಿಬಿಗೆ ಸೇರಿತು. ಅಷ್ಟರಲ್ಲಿ ಲಿನಕ್ಸ್‌ನ ಲಿಂಕರ್‌ನಲ್ಲಿ 'ಪ್ರೋಬ್' ಎಂಬ ಗುರುತು ಬಿಂದುಗಳನ್ನು ನೆಡಲಾಗಿತ್ತು. ಸಾಮಾನ್ಯ ಓಟದಲ್ಲಿ ಅವು ಏನೂ ಮಾಡದ ಆದೇಶಗಳು. ಆದರೆ ಪ್ರತಿಯೊಂದಕ್ಕೂ ಹೆಸರಿದೆ, ಆ ಕ್ಷಣದ ಮಾಹಿತಿ ಎಲ್ಲಿ ಸಿಗುತ್ತದೆಂಬ ಟಿಪ್ಪಣಿಯೂ ಇದೆ. ಲೈಬ್ರರಿಗಳನ್ನು ನೆಲೆಗೊಳಿಸಿ ಮುಗಿಯಿತು ಎನ್ನುವ ಬಿಂದುವಿನಲ್ಲಿ ಡಿಬಗರ್ ನಿಂತರೆ, ಹೊಸಬರು ಪಟ್ಟಿಯ ಯಾವ ಸಾಲಿನಿಂದ ಶುರು ಎಂಬುದೂ ಸಿಗುತ್ತದೆ. ಅಲ್ಲಿಂದ ಮುಂದಿನದನ್ನಷ್ಟೇ ಓದಿದರಾಯಿತು. 10 ಲಕ್ಷ ಓದುಗಳ ಕೆಲಸ 1000ಕ್ಕೆ ಇಳಿಯಿತು. 'ಸೇರಿಸಲು ಹೊರಟಿದ್ದೇನೆ' ಎನ್ನುವ ಬಿಂದುವಿನಲ್ಲಿ ಡಿಬಗರಿಗೆ ಕೆಲಸವೇ ಇಲ್ಲವಾದ್ದರಿಂದ, ಬಳಸುವವರು ಕೇಳದ ಹೊರತು ಅಲ್ಲಿ ಅದು ನಿಲ್ಲುವುದೂ ಇಲ್ಲ.

ಹಳೆಯ ದಾರಿಯನ್ನು ಮುಚ್ಚಿಲ್ಲ ಎಂಬುದು ಮೆಚ್ಚಬೇಕಾದ ಸಂಗತಿ. ಲೈಬ್ರರಿಯೊಂದು ಹೊರಹೋದಾಗ ಪಟ್ಟಿಯನ್ನು ಈಗಲೂ ಪೂರ್ತಿ ಓದಲಾಗುತ್ತದೆ. ಬಿಂದುವಿನಲ್ಲಿ ಸಿಕ್ಕ ಮಾಹಿತಿ ತನ್ನಲ್ಲಿರುವ ಪಟ್ಟಿಗೆ ಹೊಂದದಿದ್ದರೆ ಆಗಲೂ ಪೂರ್ತಿ ಓದು. ಬಿಂದುಗಳೇ ಕೆಲಸ ಮಾಡದಿದ್ದರೆ ಡಿಬಗರ್ ಖಾಲಿ ಕಾರ್ಯದ ಬಳಿಗೇ ಮರಳುತ್ತದೆ. ನಿಧಾನವಾದ ಡಿಬಗರನ್ನು ಸಹಿಸಬಹುದು, ಇಲ್ಲದ ಲೈಬ್ರರಿಯನ್ನು ಇದೆಯೆನ್ನುವ ಡಿಬಗರನ್ನು ಏನು ಮಾಡುವುದು?

ಲಿನಕ್ಸ್ ಇರುವ ಲ್ಯಾಬ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಜಿಡಿಬಿಯಲ್ಲಿ ಚಿಕ್ಕ ಪ್ರೋಗ್ರಾಮೊಂದನ್ನು ಶುರು ಮಾಡಿ 'ಇನ್ಫೋ ಶೇರ್ಡ್‌ಲೈಬ್ರರಿ' ಎಂದರೆ ಬಂದು ಸೇರಿದ ಲೈಬ್ರರಿಗಳ ಪಟ್ಟಿ ಬರುತ್ತದೆ. 'ಇನ್ಫೋ ಪ್ರೋಬ್ಸ್' ಎಂದರೆ, ಲಿಂಕರನ್ನು ಬಿಂದುಗಳ ಸಮೇತ ಕಟ್ಟಿದ್ದಲ್ಲಿ, ಅವುಗಳ ಹೆಸರುಗಳೂ ಕಾಣುತ್ತವೆ. 'ಸೆಟ್ ಸ್ಟಾಪ್-ಆನ್-ಸೊಲಿಬ್-ಇವೆಂಟ್ಸ್ 1' ಎಂದು ಕೊಟ್ಟು ಮತ್ತೆ ಓಡಿಸಿದರೆ, ಲೈಬ್ರರಿ ಬಂದಾಗಲೆಲ್ಲ ಡಿಬಗರ್ ನಿಂತು ಹೇಳುತ್ತದೆ.