ಪಾದದ ನಾಡಿಯನ್ನೂ ನೋಡಿ

ಬೆಂಗಳೂರಿನ ರಕ್ತನಾಳ ಚಿಕಿತ್ಸಾ ಸಂಸ್ಥೆ ‘ಜಿವಾಸ್’ ಅನ್ನು ಮುನ್ನಡೆಸಿದ ಡಾ. ಕಲ್ಕುಂಟೆ ಆರ್. ಸುರೇಶ್, ರಕ್ತ ಸಾಲದೆ ಕಾಲಿಗೇ ಕುತ್ತು ಬರುವ ಕಾಯಿಲೆ ಕುರಿತ 2019ರ ಜಾಗತಿಕ ಮಾರ್ಗಸೂಚಿಯ ಕರ್ತೃಗಳಲ್ಲೊಬ್ಬರು. ಇದು ನಾಡಿಗೆ ಹೆಮ್ಮೆ. ಆದರೆ ಆ ಅರಿವು ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯಂಥ ಊರುಗಳನ್ನೂ ತಲುಪಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡ ರೈತನಿಗೆ ಮುಳ್ಳು ಚುಚ್ಚಿದ್ದೇ ತಿಳಿಯದು. ಬೆರಳು ಕಪ್ಪಿಟ್ಟ ಮೇಲೆ ಕಡೂರಿನ ಬಸ್ ಹತ್ತಿದರೆ ತಡವಾಗಿರುತ್ತದೆ. ಮೊದಲೇ ಪತ್ತೆ ಹಚ್ಚುವ ದಾರಿಯಿದೆ: ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಮಧುಮೇಹಿಗಳಲ್ಲಿ ನಾಳ ಗಡುಸಾಗಿ ಈ ಲೆಕ್ಕ ದಾರಿ ತಪ್ಪಿಸುವುದುಂಟು. ಆಗ ಕಾಲಿನ ಹೆಬ್ಬೆರಳಿನ ಒತ್ತಡ ನೋಡಬೇಕು. ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಕಡೂರು, ತರೀಕೆರೆ, ಅಜ್ಜಂಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಪಾದ ತಪಾಸಣೆಗೆ ಮೀಸಲಾಗಲಿ.