ಗುಟ್ಟಿಗೆ ಕಾನೂನಿನ ಕಾವಲಿಲ್ಲ. ಜಾದೂಗಾರನಿಗೆ ಪದಕವೇ ಹಕ್ಕುಪತ್ರ

2025ರ ಜುಲೈನಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಜಾದೂಗಾರರ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಜಾದೂ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ 'ಫಿಸ್ಮ್' ಮೂರು ವರ್ಷಗಳಿಗೊಮ್ಮೆ ಏರ್ಪಡಿಸುವ ಈ ಸ್ಪರ್ಧೆಯಲ್ಲಿ ಕೈಚಳಕಕ್ಕಷ್ಟೇ ಅಲ್ಲ, ಹೊಸ ತಂತ್ರದ ಆವಿಷ್ಕಾರಕ್ಕೂ ಮನ್ನಣೆಯುಂಟು. ಹೊರನೋಟಕ್ಕೆ ಇದೊಂದು ಮನರಂಜನೆಯ ಮೇಳ. ಆದರೆ ಜಾದೂವೊಂದರ ಜನಕ ಯಾರು ಎಂಬ ಹಳೆಯ ತಕರಾರನ್ನು ಬಲ್ಲವರಿಗೆ ಈ ಪದಕಗಳ ಬೆಲೆ ಬೇರೆಯೇ.

1921ರ ಜನವರಿಯಲ್ಲಿ ಲಂಡನ್ನಿನ ವೇದಿಕೆಯ ಮೇಲೆ ಪಿ.ಟಿ. ಸೆಲ್ಬಿಟ್, ಪೆಟ್ಟಿಗೆಯೊಳಗಿನ ಮಹಿಳೆಯನ್ನು ಗರಗಸದಿಂದ ಕೊಯ್ಯುವ ಜಾದೂ ತೋರಿಸಿದರು. ಕೆಲವೇ ತಿಂಗಳಲ್ಲಿ ಹೊರೇಸ್ ಗೋಲ್ಡಿನ್ ಅಮೆರಿಕದಲ್ಲಿ ತಮ್ಮದೇ ಮಾದರಿ ಪ್ರದರ್ಶಿಸಿದರು. 1923ರಲ್ಲಿ ಪೇಟೆಂಟನ್ನೂ ಪಡೆದರು. ಎಡವಿದ್ದು ಅಲ್ಲಿಯೇ. ಪೇಟೆಂಟ್ ಬೇಕೆಂದರೆ ತಂತ್ರವನ್ನು ಚಿತ್ರಸಹಿತ ವಿವರಿಸಬೇಕು. ಆ ದಾಖಲೆಯನ್ನು ಯಾರು ಬೇಕಾದರೂ ಓದಬಹುದು. 1933ರಲ್ಲಿ ಕ್ಯಾಮೆಲ್ ಸಿಗರೇಟಿನ ಜಾಹೀರಾತು ಗುಟ್ಟನ್ನು ಬಯಲು ಮಾಡಿತು. ಗೋಲ್ಡಿನ್ ಹೂಡಿದ ದಾವೆ 1938ರಲ್ಲಿ ವಜಾಗೊಂಡಿತು. ಪೇಟೆಂಟಿನಲ್ಲಿ ತಾವೇ ಪ್ರಕಟಿಸಿದ್ದನ್ನು ಗುಟ್ಟೆನ್ನಲು ಬಾರದಾಯಿತು.

ನ್ಯಾಯಾಲಯ ಕೊಡದ ಮನ್ನಣೆಯನ್ನು ಸಹೋದ್ಯೋಗಿಗಳ ಸಭೆ ಕೊಡತೊಡಗಿತು. 1948ರಲ್ಲಿ ಲೊಸಾನ್‌ನಲ್ಲಿ ರೂಪ ತಳೆದ ಫಿಸ್ಮ್‌ನ ಅತ್ಯುನ್ನತ ಪ್ರಶಸ್ತಿಯಾದ ಗ್ರ್ಯಾಂಡ್ ಪ್ರಿಯನ್ನು ಹಾಲೆಂಡಿನ ಫ್ರೆಡ್ ಕ್ಯಾಪ್ಸ್ ಮೂರು ಬಾರಿ ಗೆದ್ದರು. ಆದರೆ ಮೇಜಿನ ಮೇಲೆ, ಕಣ್ಣೆದುರಲ್ಲೇ ನಡೆಯುವ ಕ್ಲೋಸ್‌ಅಪ್ ಜಾದೂವಿಗೆ ಆ ಗೌರವ ಸಿಗಲು 1988ರವರೆಗೆ ಕಾಯಬೇಕಾಯಿತು. ಹೇಗ್ ನಗರದಲ್ಲಿ ಅದನ್ನು ಪಡೆದವರು ಅಮೆರಿಕದ ಜಾನಿ ಏಸ್ ಪಾಮರ್. ನಾಲ್ಕು ದಶಕ! ದೊಡ್ಡ ಪೆಟ್ಟಿಗೆ, ದೊಡ್ಡ ವೇದಿಕೆಗಳ ಮೋಹ ತೀರ್ಪುಗಾರರನ್ನೂ ಬಿಟ್ಟಿರಲಿಲ್ಲವೇನೋ. 2012ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ವೇದಿಕೆಗೂ ಕ್ಲೋಸ್‌ಅಪ್‌ಗೂ ಬೇರೆಬೇರೆ ಗ್ರ್ಯಾಂಡ್ ಪ್ರಿ ಸಂದವು. ಹಾಲಿವುಡ್‌ನ ಅಕಾಡೆಮಿ ಆಫ್ ಮ್ಯಾಜಿಕಲ್ ಆರ್ಟ್ಸ್ 'ಕ್ರಿಯೇಟಿವ್ ಫೆಲೋಶಿಪ್' ನೀಡುತ್ತದೆ. ಜಪಾನಿನಲ್ಲಿ ಇಶಿದಾ ತೆಂಕಾಯ್ ಹೆಸರಿನ ಬಹುಮಾನವಿದೆ.

ಪದಕಕ್ಕೂ ಮಿತಿಯುಂಟು: ಅದು ಜನಕನ ಹೆಸರನ್ನು ದಾಖಲಿಸುತ್ತದೆಯೇ ಹೊರತು ನಕಲು ಮಾಡುವವನ ಕೈ ಹಿಡಿಯದು. ಅದಕ್ಕೆ ಮತ್ತೆ ನ್ಯಾಯಾಲಯಕ್ಕೇ ಹೋಗಬೇಕು. ಗುಲಾಬಿಯ ನೆರಳನ್ನು ಚಾಕುವಿನಿಂದ ಕತ್ತರಿಸಿದರೆ ಹೂದಾನಿಯಲ್ಲಿನ ಹೂವಿನ ಎಸಳುಗಳು ಉದುರುವ ಜಾದೂವನ್ನು ಅಮೆರಿಕದ ಟೆಲ್ಲರ್ 1983ರಲ್ಲೇ ಮೂಕಾಭಿನಯದ ಕೃತಿಯಾಗಿ ನೋಂದಾಯಿಸಿದ್ದರು. ನಕಲು ಮಾಡಿದ ಯುರೋಪಿನ ಕಲಾವಿದರೊಬ್ಬರ ವಿರುದ್ಧ 2014ರಲ್ಲಿ ನೆವಾಡದ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ರಕ್ಷಣೆ ಸಿಕ್ಕಿದ್ದು ಅಭಿನಯಕ್ಕೆ, ಗುಟ್ಟಿಗಲ್ಲ ಎಂಬುದು ಗಮನಾರ್ಹ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯೂ ಮೂಕಾಭಿನಯದ ಮನರಂಜನೆಯನ್ನು ನಾಟಕಕೃತಿಯೆಂದೇ ಪರಿಗಣಿಸುತ್ತದೆ. ಆದರೆ ಅದು ಬರಹದಲ್ಲೋ ಬೇರೆ ರೂಪದಲ್ಲೋ ದಾಖಲಾಗಿರಬೇಕು. ತುಂಡು ಟಿಪ್ಪಣಿಯೂ ಇಲ್ಲದೆ ತಂದೆಯಿಂದ ಮಗನಿಗೆ ದಾಟುವ ಬೀದಿ ಜಾದೂವಿಗೆ ಆ ಕಾಯ್ದೆಯ ನೆರಳು ಸಿಗುವುದು ಕಷ್ಟ.