ಪಿಕೆಪಿಎಸ್ ಕಂಪ್ಯೂಟರ್ ನಡೆಸುವವರಿಗೆ ಸಂಘದಲ್ಲೇ, ಕನ್ನಡದಲ್ಲೇ ತರಬೇತಿ ಕೋರಿ ಮನವಿ ಪತ್ರ

ಗೆ,
ಮಾನ್ಯ ಸಹಕಾರ ಸಂಘಗಳ ನಿಬಂಧಕರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮೂಲಕ: ಮಾನ್ಯ ಸಹಕಾರ ಸಂಘಗಳ ಉಪ ನಿಬಂಧಕರು, ವಿಜಯಪುರ ಜಿಲ್ಲೆ.

ವಿಷಯ: ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ (ಪಿಕೆಪಿಎಸ್) ಗಣಕ ವ್ಯವಸ್ಥೆ ನಡೆಸುವ ಸಿಬ್ಬಂದಿಗೆ ಸಂಪೂರ್ಣ ತರಬೇತಿ ಒದಗಿಸುವ ಬಗ್ಗೆ.

ಮಾನ್ಯರೇ,

ಮೇಲಿನ ನಾಲ್ಕು ತಾಲೂಕುಗಳ ಪಿಕೆಪಿಎಸ್ ಕಾರ್ಯದರ್ಶಿಗಳು, ಗುಮಾಸ್ತರು, ಆಡಳಿತ ಮಂಡಳಿ ಸದಸ್ಯರು ಮತ್ತು ಸಾಲಗಾರ ರೈತರು ಕೂಡಿ ಈ ಮನವಿಯನ್ನು ತಮಗೆ ಸಲ್ಲಿಸುತ್ತಿದ್ದೇವೆ. ಈ ತಾಲೂಕುಗಳಿಂದ ಬೇರ್ಪಟ್ಟು ಹೊಸ ತಾಲೂಕುಗಳಾದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ ಮತ್ತು ಕೊಲ್ಹಾರದ ಸಂಘಗಳನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇವೆ.

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಒಂದೇ ತಂತ್ರಾಂಶದಡಿ ತರುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ನಬಾರ್ಡ್ ಅದರ ಉಸ್ತುವಾರಿ ಹೊತ್ತಿದೆ. ಯಂತ್ರಗಳ ಖರೀದಿ ಮತ್ತು ಹಳೆಯ ಲೆಕ್ಕದ ವರ್ಗಾವಣೆಯ ಜೊತೆಗೆ ಸಿಬ್ಬಂದಿ ತರಬೇತಿಯೂ ಆ ಯೋಜನೆಯ ಭಾಗವೇ ಆಗಿದೆ. ಈ ಯೋಜನೆ ನಮಗೆ ಬೇಕು. ಕಿರ್ದಿ ಬರೆದು, ಖತಾವಣಿಗೆ ಏರಿಸಿ, ತಿಂಗಳ ಕೊನೆಗೆ ತೇರೀಜು ಕೂಡದೆ ರಾತ್ರಿಯಿಡೀ ಕೂತವರು ನಾವು. ಕಂಪ್ಯೂಟರಿನ ಬೆಲೆ ನಮಗೆ ಗೊತ್ತಿದೆ. ಯಂತ್ರ ಬಂದ ಮೇಲೆ ಅದರ ಮುಂದೆ ಕೂರುವವನನ್ನು ತಯಾರು ಮಾಡಿಲ್ಲ ಎಂಬುದೇ ನಮ್ಮ ಅಳಲು.

ಈ ತರಬೇತಿಯನ್ನು ನಾವು ಇಷ್ಟು ಒತ್ತಿ ಕೇಳಲು ಕಾರಣವಿದೆ. ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023–24ರ ಮುಂಗಡಪತ್ರದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ ಆ ಶೂನ್ಯ ಬಡ್ಡಿ. ಮಾರ್ಚ್ ಕೊನೆಯ ವಾರ ಸಂಘದ ಬಾಗಿಲಲ್ಲಿ ರೈತರ ಸಾಲು ನಿಂತಿರುತ್ತದೆ. ಕೈಗಡ ತಂದು ಹಳೆಯ ಸಾಲ ಕಟ್ಟಿ ಹೊಸದಕ್ಕೆ ಅರ್ಜಿ ಕೊಡುವವರೇ ಹೆಚ್ಚು. ಅದೇ ಹೊತ್ತಿಗೆ ಕರೆಂಟು ಹೋಗುತ್ತದೆ, ಇಲ್ಲವೆ ನೆಟ್‌ವರ್ಕ್ ಸಿಗುವುದಿಲ್ಲ. ಗುಮಾಸ್ತ ಕೈಬರಹದ ರಸೀದಿ ಕೊಟ್ಟು ಕಳಿಸುತ್ತಾನೆ. ಹಿಂದಿನ ದಿನದ ಲೆಕ್ಕ ಮುಚ್ಚುವ ಡೇ-ಎಂಡ್ ಕೆಲಸ ಮುಗಿಯದೆ ಮರುದಿನದ ಲೆಕ್ಕ ತೆರೆಯುವುದಿಲ್ಲ. ಹಾಗಾಗಿ ಎರಡು ಮೂರು ದಿನದ ಜಮೆ ಒಟ್ಟಿಗೆ ಏರುತ್ತದೆ. ರಸೀದಿಯ ಮೇಲೆ ಒಂದು ತಾರೀಖು, ಕಂಪ್ಯೂಟರಿನಲ್ಲಿ ಇನ್ನೊಂದು. ಗಡುವಿನೊಳಗೆ ಹಣ ಕಟ್ಟಿದ ರೈತ ಕಟಬಾಕಿದಾರರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನ ಪರವಾಗಿ ಸರ್ಕಾರದಿಂದ ಬರಬೇಕಾದ ಬಡ್ಡಿ ಸಹಾಯಧನವೂ ನಿಲ್ಲುತ್ತದೆ. ಇದನ್ನು ತಿದ್ದುವ ಕ್ರಮ ತಂತ್ರಾಂಶದಲ್ಲಿ ಇದ್ದರೂ ಯಾರ ಅನುಮತಿ ಪಡೆಯಬೇಕು, ಯಾವ ದಾಖಲೆ ಇಟ್ಟುಕೊಳ್ಳಬೇಕು ಎಂದು ಹೇಳಿಕೊಟ್ಟವರಿಲ್ಲ. ಹೆದರಿದ ಗುಮಾಸ್ತ ತಿದ್ದದೆ ಬಿಡುತ್ತಾನೆ, ಇಲ್ಲವೆ ಸಿಕ್ಕಂತೆ ತಿದ್ದುತ್ತಾನೆ. ಎರಡರಲ್ಲೂ ನಷ್ಟ ರೈತನದು.

ಆ ಗುಮಾಸ್ತನ ಕೆಲಸವನ್ನೂ ತಾವು ನೋಡಬೇಕು. ಗೊಬ್ಬರ ಮಾರುವಾಗ ಪಿಒಎಸ್ ಯಂತ್ರಕ್ಕೆ ರೈತರ ಹೆಬ್ಬೆರಳು ಒತ್ತಿಸುವವನು ಅವನೇ. ಪಡಿತರ ಹಂಚುವ ಸಂಘವಾದರೆ ಅದರ ಯಂತ್ರವೂ ಅವನ ಕೈಯಲ್ಲೇ. ತೊಗರಿ ಖರೀದಿ ಕೇಂದ್ರ ತೆರೆದಾಗ ನೋಂದಣಿಗೆ ಕೂರುವವನೂ ಅವನೇ. ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಮಾಡಿಕೊಂಡ ಒಡಂಬಡಿಕೆಯಂತೆ ಸಾಮಾನ್ಯ ಸೇವಾ ಕೇಂದ್ರದ ಕೆಲಸಗಳೂ ಸಂಘಗಳಿಗೆ ಬಂದಿವೆ. ಇಷ್ಟೆಲ್ಲ ಹೊತ್ತವನಿಗೆ ಊರಾಚೆಯ ಸಭಾಂಗಣದಲ್ಲಿ ಪರದೆಯ ಮೇಲೆ ಇಂಗ್ಲಿಷ್ ಸ್ಲೈಡುಗಳನ್ನು ತೋರಿಸಿ ಕಳಿಸಿದರೆ ತರಬೇತಿ ಆಗುವುದಿಲ್ಲ. ಯಾವ ಗುಂಡಿ ಒತ್ತಿದರೆ ಯಾವ ಪುಟ ತೆರೆಯುತ್ತದೆ ಎಂಬುದನ್ನು ನಾಲ್ಕು ದಿನದಲ್ಲಿ ಯಾರಾದರೂ ಕಲಿಯುತ್ತಾರೆ. ಶಿಲ್ಕು ಕೂಡದಿದ್ದಾಗ ತಪ್ಪನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಕಲಿಸುವವರು ಬೇಕು.

ಆದ್ದರಿಂದ ತರಬೇತಿ ಆಯಾ ತಾಲೂಕು ಕೇಂದ್ರದಲ್ಲಿ ಶುರುವಾಗಿ ಸಂಘದ ಮೇಜಿನ ಮೇಲೆ ಮುಗಿಯಬೇಕು. ಮುಂಗಾರಿ ಸಾಲ ವಿತರಣೆಯ ಗದ್ದಲ ಇಳಿದು ಹಿಂಗಾರಿ ಬಿತ್ತನೆ ಶುರುವಾಗುವ ಮೊದಲು, ಅಂದರೆ ಆಗಸ್ಟ್ ತಿಂಗಳು ಇದಕ್ಕೆ ತಕ್ಕ ಕಾಲ. ತರಬೇತುದಾರರು ಪ್ರತಿ ಸಂಘಕ್ಕೂ ಬಂದು ಅಲ್ಲಿನ ನಿಜವಾದ ಲೆಕ್ಕದ ಮೇಲೆ ಕೆಲಸ ಮಾಡಿಸಬೇಕು. ಮಾರ್ಚ್ ಅಂತ್ಯದ ವಾರ್ಷಿಕ ಲೆಕ್ಕ ಮುಗಿಸುವಾಗ ಮತ್ತೊಮ್ಮೆ ಪಕ್ಕದಲ್ಲಿರಬೇಕು. ತಪ್ಪು ಮಾಡಿ ಕಲಿಯಲು ಅಸಲಿ ಖಾತೆಗಳಿಗೆ ತಾಗದ ಅಭ್ಯಾಸದ ವ್ಯವಸ್ಥೆಯೊಂದನ್ನು ತೆರೆದು ಕೊಡಬೇಕು. ನಮ್ಮ ಸಂಘಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಮನೆ ಬಿಟ್ಟು ದೂರದ ಊರಿನಲ್ಲಿ ವಾರಗಟ್ಟಲೆ ಉಳಿಯುವುದು ಸಾಧ್ಯವಾಗದು. ತಾಲೂಕಿನಲ್ಲೇ ತರಬೇತಿ ಬೇಕೆನ್ನಲು ಇದೂ ಒಂದು ಕಾರಣ.

ನಡೆಸುವುದು ಕಲಿತರೆ ಸಾಲದು, ವ್ಯವಸ್ಥೆಯನ್ನು ಕಾಯುವುದೂ ಗೊತ್ತಿರಬೇಕು. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ಒಪ್ಪಬೇಕೆಂಬುದು ಇಂಥ ತಂತ್ರಾಂಶಗಳ ಮೂಲ ನಿಯಮ. ಆದರೆ ಕಾರ್ಯದರ್ಶಿ ಒಬ್ಬನೇ ಇರುವ ಸಂಘದಲ್ಲಿ ಎರಡೂ ಪಾಸ್‌ವರ್ಡ್ ಒಬ್ಬನ ಜೇಬಿನಲ್ಲೇ ಇರುತ್ತವೆ. ಅವನು ಪ್ರಾಮಾಣಿಕನಾಗಿದ್ದರೂ ತಪ್ಪು ಹಿಡಿಯುವ ಎರಡನೆಯ ಕಣ್ಣು ಅಲ್ಲಿಲ್ಲ. ನಾಳೆ ಆರೋಪ ಬಂದರೆ ತಾನು ತಪ್ಪಿತಸ್ಥನಲ್ಲ ಎಂದು ತೋರಿಸಲು ದಾರಿಯೂ ಇಲ್ಲ. ಪ್ರತಿ ಸಂಘದಿಂದ ಕನಿಷ್ಠ ಇಬ್ಬರಿಗೆ ತರಬೇತಿ ಕೊಡಬೇಕು. ಎರಡನೆಯವರು ಇಲ್ಲದ ಕಡೆ ನೆರೆಯ ಸಂಘದವರಿಗೆ ಒಪ್ಪಿಗೆ ನೀಡುವ ಅಧಿಕಾರ ವಹಿಸಲು ತಾವು ಸುತ್ತೋಲೆ ಹೊರಡಿಸಬೇಕು. ನಮ್ಮ ಬೇಡಿಕೆಗಳಲ್ಲಿ ಈ ಎರಡನೆಯ ಕಣ್ಣಿನ ಬೇಡಿಕೆಯನ್ನೇ ನಾವು ಎಲ್ಲಕ್ಕಿಂತ ದೊಡ್ಡದೆಂದು ಭಾವಿಸುತ್ತೇವೆ.

ಇಂಥ ತರಬೇತಿ ಆಗದ ಮಾತಲ್ಲ. ಭೂಮಿ ಯೋಜನೆಯಲ್ಲಿ ಪಹಣಿಗಳನ್ನು, ಅಂದರೆ ಉತಾರಗಳನ್ನು, ಗಣಕಕ್ಕೆ ಏರಿಸಿದಾಗ ಇದೇ ರಾಜ್ಯ ಗ್ರಾಮ ಲೆಕ್ಕಿಗರಿಗೆ ತರಬೇತಿ ಕೊಟ್ಟು ತಾಲೂಕು ಕೇಂದ್ರಗಳಲ್ಲಿ ಕೂರಿಸಿತು. ಬೆರಳಚ್ಚು ಕೊಟ್ಟು ಒಳಹೋಗುವ ಕ್ರಮವನ್ನೂ ತಂದಿತು. ಯಾವ ಬದಲಾವಣೆ ಯಾರ ಕೈಯಿಂದ ಆಯಿತೆಂದು ಗೊತ್ತಾಗುವಂತೆ ಮಾಡಿತು. ಉತಾರದ ಲೆಕ್ಕ ಬಲ್ಲವರನ್ನೇ ಕಂಪ್ಯೂಟರಿಗೆ ತಂದದ್ದರಿಂದ ಆ ಕೆಲಸ ಗಟ್ಟಿಯಾಗಿ ನೆಲೆ ನಿಂತಿತು. ನಮ್ಮ ಕಾರ್ಯದರ್ಶಿಗಳೂ ಲೆಕ್ಕ ಬಲ್ಲವರೇ.

ಹಳೆಯ ಲೆಕ್ಕವನ್ನು ಏರಿಸುವ ವಿಷಯದಲ್ಲಿ 2018ರ ಸಾಲ ಮನ್ನಾ ನಮಗೆ ಮರೆತಿಲ್ಲ. ಆಧಾರ್, ಪಡಿತರ ಚೀಟಿ ಮತ್ತು ಉತಾರದ ವಿವರ ಒಂದಕ್ಕೊಂದು ತಾಳೆಯಾಗದೆ ಅರ್ಹ ರೈತರು ಮನ್ನಾ ಸಿಗುವವರ ಹಸಿರು ಪಟ್ಟಿಯಿಂದ ಹೊರಗುಳಿದು ಕಚೇರಿಯಿಂದ ಕಚೇರಿಗೆ ಅಲೆದರು. ಒಂದೇ ಹಳ್ಳಿಯಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಹಲವರು ಇರುವ ಸೀಮೆ ನಮ್ಮದು. ಹೊರಗಿನಿಂದ ಬಂದವರು ಏರಿಸಿಟ್ಟು ಹೋದ ಶೇರು, ಸಾಲ ಮತ್ತು ಠೇವಣಿ ಬಾಕಿಗಳನ್ನು ತಾಳೆ ನೋಡುವುದು ಹೇಗೆಂದು ಆಪರೇಟರ್‌ಗೆ ಕಲಿಸಬೇಕು. ಏರಿಸಿದ ಪಟ್ಟಿಯನ್ನು ಸಂಘದ ಫಲಕದಲ್ಲಿ ಹಚ್ಚಿ, ಸದಸ್ಯರ ತಕರಾರು ಕೇಳಿದ ಮೇಲೆಯೇ ಅದನ್ನು ಅಂತಿಮವೆಂದು ಒಪ್ಪಬೇಕು. ಅಲ್ಲಿಯವರೆಗೆ ಹಳೆಯ ಖತಾವಣಿಗಳನ್ನು ಮುಚ್ಚಬಾರದು.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ಊರಿನ ಲೆಕ್ಕ ಊರವರ ಕೈಯಲ್ಲಿ ಇರಬೇಕೆಂಬುದೇ ಸಹಕಾರದ ತಿರುಳು. ಅಧ್ಯಕ್ಷರು ಮತ್ತು ನಿರ್ದೇಶಕರಿಗೆ ಓದಲು ಬಾರದ ವರದಿಗೆ ಅವರ ಸಹಿ ಹಾಕಿಸುವುದು ಸರಿಯಲ್ಲ. ಜಮಾ-ಖರ್ಚು, ಕಟಬಾಕಿ ಪಟ್ಟಿ ಮತ್ತು ಅಢಾವೆ ಪತ್ರಿಕೆಗಳು ಕನ್ನಡದಲ್ಲಿ ಮುದ್ರಿತವಾಗಿ ಬರಬೇಕು. ಆಪರೇಟರ್‌ಗೆ ಕನ್ನಡ ಕೈಪಿಡಿ ಕೊಡಬೇಕು. ಆಡಳಿತ ಮಂಡಳಿಗೂ ಲೆಕ್ಕ ಪರಿಶೋಧಕರಿಗೂ ಒಂದೊಂದು ದಿನದ ತಿಳಿವಳಿಕೆ ಶಿಬಿರ ನಡೆಸಬೇಕು. ಸಂಘಗಳು ತಮ್ಮ ನಿವ್ವಳ ಲಾಭದಲ್ಲಿ ಸಹಕಾರ ಶಿಕ್ಷಣ ನಿಧಿಗೆ ಪಾಲು ಕಟ್ಟುತ್ತಿವೆ. ರಾಜ್ಯ ಸಹಕಾರ ಮಹಾಮಂಡಳದ ಮೂಲಕ ಆ ಹಣ ಈ ಕೆಲಸಕ್ಕೆ ಬರಲಿ.

ತರಬೇತಿ ಮುಗಿಸಿದವರಿಗೆ ಪ್ರಮಾಣಪತ್ರದ ಜೊತೆಗೆ ಹುದ್ದೆಯ ಭದ್ರತೆ ಮತ್ತು ತಕ್ಕ ಸಂಬಳ ಬೇಕು. ಕಲಿತವರು ಕೆಲಸ ಬಿಟ್ಟು ವಿಜಯಪುರಕ್ಕೋ ಸೋಲಾಪುರಕ್ಕೋ ಹೋದರೆ ಸಂಘ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ತೊಂದರೆ ಬಂದಾಗ ಕನ್ನಡದಲ್ಲಿ ಉತ್ತರಿಸುವ ಸಹಾಯಕರೊಬ್ಬರು ಪ್ರತಿ ತಾಲೂಕಿನಲ್ಲೂ ಇರಬೇಕು. ಕೊಟ್ಟ ದೂರಿಗೆ ಸಂಖ್ಯೆ ಸಿಗಬೇಕು. ತಂತ್ರಾಂಶ ನಿಂತ ದಿನ ಕೊಟ್ಟ ಕೈಬರಹದ ರಸೀದಿಯ ತಾರೀಖನ್ನೇ ಪಾವತಿಯ ತಾರೀಖೆಂದು ಪರಿಗಣಿಸುವಂತೆ ತಾವು ಲಿಖಿತ ಆದೇಶ ಕೊಡಬೇಕು. ಈ ಆದೇಶಕ್ಕೆ ಹಣವೂ ಬೇಡ, ಯಂತ್ರವೂ ಬೇಡ. ಆದ್ದರಿಂದ ತಡವಿಲ್ಲದೆ ಹೊರಡಿಸಬೇಕೆಂದು ಕೈಮುಗಿದು ಕೇಳುತ್ತೇವೆ.

ಉಳಿದ ಬೇಡಿಕೆಗಳ ಬಗ್ಗೆ ನಬಾರ್ಡ್ ಮತ್ತು ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನ ಅಧಿಕಾರಿಗಳನ್ನೂ ಕೂಡಿಸಿಕೊಂಡು, ನಾಲ್ಕೂ ತಾಲೂಕುಗಳ ಪ್ರತಿನಿಧಿಗಳ ಸಭೆಯನ್ನು ಒಂದು ತಿಂಗಳೊಳಗೆ ವಿಜಯಪುರದಲ್ಲಿ ಕರೆಯಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ
ಪಿಕೆಪಿಎಸ್ ಸಿಬ್ಬಂದಿ, ಆಡಳಿತ ಮಂಡಳಿ ಸದಸ್ಯರು ಮತ್ತು ಸದಸ್ಯ ರೈತರು